ಹಳದಿ ಗಂಟಿನ ಚಾರ್‌ಮಿನಾರ್

"ಅಶೋಕ ಚಕ್ರವರ್ತಿ ನಮ್ಮೂರ ಕಲ್ಲಿನ ಮ್ಯಾಲ ಹೆಸರು ಬಿಟ್ಟು ಹೋದ. ಈ ಹಂಪಣ್ಣ ಹಲಗಿ ಮ್ಯಾಲ ಬಿಟ್ಟು ಹೋಗ್ತಾನ, ನೋಡ್ತಿರು!"

ಮಸ್ಕಿಯ ಬಜಾರಿನಲ್ಲಿ ತನ್ನ ಜವಳಿ ಅಂಗಡಿಯ ಗಾದಿಯ ಮೇಲೆ ಕುಳಿತು ಹಂಪಣ್ಣ ಹೀಗೆ ಘೋಷಿಸಿದಾಗ ಅವನ ಮುಂದಿದ್ದ ಇಡೀ ಸಾಮ್ರಾಜ್ಯವೆಂದರೆ ನಾನು, ಒಂದು ಗಜಕಡ್ಡಿ ಮತ್ತು ಧೋತರದ ಥಾನುಗಳ ಮೇಲೆ ಮಲಗಿದ್ದ ಬೆಕ್ಕು. ಬೆಕ್ಕು ಕಣ್ಣು ತೆರೆಯಲಿಲ್ಲ.

ಹಂಪಣ್ಣ ಹೋದ ಮಳೆಗಾಲದಲ್ಲಿ ತೀರಿಕೊಂಡ. ಅವನ ಬಗ್ಗೆ ಬರೆಯಬೇಕೆಂದು ಕುಳಿತರೆ ದೊಡ್ಡ ಮಾತು ಒಂದೂ ಬರುವುದಿಲ್ಲ. ಆ ಹಲಗೆಯೇ ಕಣ್ಣ ಮುಂದೆ ಬರುತ್ತದೆ. ಬರಲಿ, ಅದರದ್ದೇ ಹೇಳುತ್ತೇನೆ.

ಆಗ ರಜಾಕಾರರ ಗದ್ದಲ ಮುಗಿದು ಆರೇಳು ವರ್ಷವಾಗಿತ್ತು. ನಿಜಾಮರ ರಾಜ್ಯ ಹೋಗಿದ್ದರೂ ಅವರ ನಾಣ್ಯ ಪೂರ್ತಿ ಹೋಗಿರಲಿಲ್ಲ. ಚಾರ್‌ಮಿನಾರ್ ಚಿತ್ರದ ನಿಜಾಮರ ಹಾಲಿ ರೂಪಾಯಿ, ಸಿಂಹದ ಮುದ್ರೆಯ ಭಾರತ ಸರ್ಕಾರದ ಕಲ್ದಾರ್ ರೂಪಾಯಿ ಎರಡೂ ಒಂದೇ ಗಲ್ಲಾಪೆಟ್ಟಿಗೆಯಲ್ಲಿ ಅತ್ತೆ-ಸೊಸೆಯರಂತೆ ಸಪ್ಪಳ ಮಾಡುತ್ತ ಬಿದ್ದಿದ್ದವು. ಬೆಲೆಯಲ್ಲಿ ಸೊಸೆಯೇ ಒಂದು ಕೈ ಮೇಲು. ಅತ್ತೆಯ ಕಾಲ ಮುಗಿಯುತ್ತ ಬಂದಿತ್ತು. ಅವು ಕಾಣೆಯಾಗುವ ಮೊದಲು ಒಂದೊಂದು ಬಗೆಯದನ್ನು ಆರಿಸಿ ಇಡಬೇಕು, ಮೊಮ್ಮಕ್ಕಳು ನೋಡಿ ಬೆರಗಾಗಬೇಕು ಎಂಬುದು ಹಂಪಣ್ಣನ ಸಂಕಲ್ಪ. ಅವನ ಹಿರಿಯ ಮಗನಿಗೆ ಆಗಿನ್ನೂ ಹಾಲುಹಲ್ಲು ಬಿದ್ದಿರಲಿಲ್ಲ!

ಥಾನು ಸುತ್ತಿ ಬರುವ ಹಲಗೆಯೊಂದಕ್ಕೆ ಬಡಿಗ ಆದೆಪ್ಪನಿಂದ ಸಾಲಾಗಿ ಗುಂಡನೆಯ ತೂತು ಕೊರೆಸಿ, ಹಿಂದೆ ಕೆಂಪು ಮಖಮಲ್ ಅಂಟಿಸಿದ. ನಟ್ಟನಡುವಿನ ತೂತು ಮಹಾರಾಜನ ಪೀಠ. ಯಾಕೆಂದರೆ ರೂಪಾಯಿಯ ಮೇಲಿನ ಚಾರ್‌ಮಿನಾರಿನ ಬಾಗಿಲೊಳಗೆ ಒಂದು ಪುಟ್ಟ ಉರ್ದು ಅಕ್ಷರ ಇರುತ್ತದೆ. ಕೊನೆಯ ನಿಜಾಮರದಾದರೆ 'ಐನ್', ಅವರ ತಂದೆಯ ಕಾಲದ್ದಾದರೆ 'ಮೀಮ್'. ಐನ್ ಬೇಕಾದಷ್ಟಿದ್ದವು. ಮೀಮ್ ಒಂದೂ ಇರಲಿಲ್ಲ. ಗಿರಾಕಿಗಳು ಕೊಟ್ಟ ಪ್ರತಿ ರೂಪಾಯಿಯನ್ನೂ ಹಂಪಣ್ಣ ಬಿಸಿಲಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡತೊಡಗಿದ.

"ಖೊಟ್ಟಿ ಐತೇನೋ ಅಂತ ನೋಡಾಕತ್ತೀಯೇನು? ನಮ್ಮ ಜವಳಗೇರಾದಾಗ ಖೊಟ್ಟಿ ಮಂದಿ ಇಲ್ಲ!" ಎಂದು ಒಬ್ಬ ಗಿರಾಕಿ, ಅಳೆಸಿ ಹರಿಸಿಕೊಂಡ ಸೀರೆಯನ್ನು ಅಲ್ಲೇ ಬಿಸಾಕಿ ಹೋದ.

ಅಂಗಡಿಯಲ್ಲಿ ಸಿಗದ್ದನ್ನು ಹಂಪಣ್ಣ ಮನೆಯಲ್ಲಿ ಹುಡುಕಿದ. ಹುಡುಕಿದರೆ ಏನು ಸಂಪತ್ತು! ಮನೆಯ ಮೂಲೆಮೂಲೆಯಲ್ಲಿ ನಾಣ್ಯಗಳು ಸುಮ್ಮನೆ ಬಿದ್ದಿದ್ದವು. ಸುಮ್ಮನೆ ಬಿದ್ದಿವೆ ಎಂದು ಅವನು ತಿಳಿದುಕೊಂಡ; ತಪ್ಪಿದ್ದು ಅಲ್ಲಿಯೇ.

ಕನ್ನಡಿಯ ಹತ್ತಿರ ಒಂದು ತೂತಿನ ಬಿಲ್ಲಿ, ಚಿಲ್ಲರೆ ಕಾಸು, ಸಿಕ್ಕಿತು. ಹಲಗೆಗೆ ಹೋಯಿತು. ಮರುದಿನ ಅವನ ಹೆಂಡತಿ ಕಸ್ತೂರೆಮ್ಮನ ಹಣೆಯ ಕುಂಕುಮ ಬದನೆಕಾಯಿಯ ಆಕಾರಕ್ಕೆ ಬಂತು. ಅದರ ಮರುದಿನ ಹುರುಳಿಕಾಯಿ. ಆಕೆ ಆ ಬಿಲ್ಲಿಯನ್ನು ಹಣೆಗೆ ಒತ್ತಿ, ಅದರ ತೂತಿನೊಳಗೆ ಕುಂಕುಮ ತುಂಬಿ, ಹುಣ್ಣಿಮೆ ಚಂದ್ರನ ಹಾಗೆ ಬೊಟ್ಟು ಇಡುತ್ತಿದ್ದದ್ದು ಗಂಡನಿಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ!

ಅಡುಗೆಮನೆಯ ಕಪಾಟಿನ ಕಾಲಿನ ಕೆಳಗೆ ಒಂದು ಚೌಕ ಆಣೆ ಸಿಕ್ಕಿತು. ಅದೂ ಹಲಗೆಗೆ ಹೋಯಿತು. ಮೊಂಡಗಾಲಿನ ಕಪಾಟು ಒಂದೇ ದಿನ ತಡೆದುಕೊಂಡಿತು. ಮಧ್ಯಾಹ್ನ ಆಕೆ ಬಾಗಿಲು ಎಳೆದದ್ದೇ ತಡ, ಮಾವಿನಕಾಯಿ ಉಪ್ಪಿನಕಾಯಿಯ ಭರಣಿ ಹಂಪಣ್ಣನ ಊಟದ ತಾಟಿಗೆ ನೇರವಾಗಿ ಇಳಿದು ಬಂತು. ಅಷ್ಟು ಉಪ್ಪಿನಕಾಯಿಯನ್ನು ಅವನಿಗೆ ಆಕೆ ಎಂದೂ ಬಡಿಸಿರಲಿಲ್ಲ.

"ಏನ್ರೀ, ಈ ಮನ್ಯಾಗಿನ ದುಡ್ಡು ಒಂದೂ ಖಾಲಿ ಕುಂತಿಲ್ಲ! ಖಾಲಿ ಕುಂತವರು ನೀವೊಬ್ರ!"

"ಇದು ಇತಿಹಾಸ, ನಿನಗ ತಿಳಿಯಂಗಿಲ್ಲ."

"ಇತಿಹಾಸನ ಬಳದು ಹೊರಗ ಹಾಕ್ರಿ. ಎಣ್ಣಿ ನೆಲಕ್ಕ ಇಳಿಯಾಕತ್ತೈತಿ."

ಬಿಲ್ಲಿ, ಆಣೆ ಎರಡೂ ತಮ್ಮ ತಮ್ಮ ನೌಕರಿಗೆ ಮರಳಿದವು. ಇಷ್ಟಕ್ಕೆ ಬುದ್ಧಿ ಬಂದಿದ್ದರೆ ಅವನು ಹಂಪಣ್ಣ ಹೇಗಾದಾನು? ದೇವರ ಜಗಲಿಯ ಮೂಲೆಯಲ್ಲಿ ಅರಿಶಿಣ ಹಚ್ಚಿದ ಅರಿವೆಯ ಪುಟ್ಟ ಗಂಟೊಂದಿತ್ತು. ಗುರುಗುಂಟೆಯ ಅಮರೇಶ್ವರನಿಗೆ ಕಸ್ತೂರೆಮ್ಮ ಕಟ್ಟಿಟ್ಟ ಹರಕೆಯ ರೂಪಾಯಿ. ಯಾತರ ಹರಕೆ ಎಂದು ಅವನು ಕೇಳಿರಲಿಲ್ಲ. ಕೂಸಿನ ಕೆಮ್ಮಿಗೂ ಎಮ್ಮೆಯ ಹಾಲಿಗೂ ಹರಕೆ ಹೊರುವ ಹೆಂಗಸು. ಇದೂ ಅಂಥದ್ದೇ ಒಂದು ಇರಬೇಕು!

ಆಕೆ ಬಾವಿಗೆ ಹೋದಾಗ ಗಂಟು ಬಿಚ್ಚಿದ. ಚಾರ್‌ಮಿನಾರಿನ ಬಾಗಿಲೊಳಗೆ, ಅರಿಶಿಣದ ನಡುವೆ, ಮಹಾರಾಜ ಮೀಮ್ ನಿಂತಿದ್ದ!

ಹಂಪಣ್ಣ ಕಳ್ಳನಲ್ಲ, ವ್ಯಾಪಾರಿ. ತಕ್ಷಣ ಒಂದು ಸಿಂಹದ ರೂಪಾಯಿಯನ್ನು ಅದೇ ಅರಿವೆಯಲ್ಲಿಟ್ಟು ಬಿಗಿಯಾಗಿ ಕಟ್ಟಿದ. ಹಾಲಿಗಿಂತ ಕಲ್ದಾರ್ ಹೆಚ್ಚು. ಅಂದಮೇಲೆ ಮೋಸ ಎಲ್ಲಿ ಬಂತು?

"ದೇವರಿಗೆ ಲಾಭನ ಆತಲ್ಲೋ!" ಎಂದು ಸಂಜೆ ನನ್ನ ಮುಂದೆ ಎದೆಯುಬ್ಬಿಸಿದ.

ಆ ಲಾಭ ನಾಲ್ಕು ದಿನ ನಡೆಯಿತು. ಐದನೆಯ ದಿನ ಲಿಂಗಸುಗೂರು ಕಚೇರಿಯ ಕಡೆಯಿಂದ ಡಂಗುರದವನು ಬಂದ. ಹಾಲಿ ನಾಣ್ಯ ಇನ್ನು ಸ್ವಲ್ಪ ದಿನ ಮಾತ್ರ, ಇದ್ದವರು ಕಚೇರಿಗೆ ತಂದು ಬದಲಿಸಿಕೊಳ್ಳಿರಿ! ಡಂಗುರದ ಸಪ್ಪಳ ಓಣಿ ದಾಟುವುದರೊಳಗೆ ಕಸ್ತೂರೆಮ್ಮ ಜಗಲಿಯ ಮುಂದಿದ್ದಳು.

"ನಡೀಲಾರದ ರೂಪಾಯಿ ಕೊಟ್ಟು ದೇವರಿಗೆ ಮೋಸ ಮಾಡಬಾರದ್ರೀ. ಈ ಸೋಮವಾರನ ಮುಟ್ಟಿಸಿ ಬರೂಣು" ಎನ್ನುತ್ತ ಗಂಟನ್ನು ಕೈಗೆತ್ತಿಕೊಂಡಳು.

ಹಂಪಣ್ಣ ಚಹಾ ಕುಡಿಯುತ್ತಿದ್ದ. ಚಹಾ ಮೂಗಿಗೆ ಹೋಯಿತು. ಎದುರಿಗೆ ಪಕ್ಕದ ಮನೆಯ ಗುರುಲಿಂಗಮ್ಮ ಬೇರೆ ಕುಳಿತಿದ್ದಳು. ಆಕೆಗೆ ತಿಳಿದದ್ದು ಸಂಜೆಯೊಳಗೆ ಸಿಂಧನೂರಿಗೆ ಬಸ್ಸಿಗಿಂತ ಮೊದಲು ಮುಟ್ಟುತ್ತಿತ್ತು.

ಕಸ್ತೂರೆಮ್ಮ ಗಂಟನ್ನೊಮ್ಮೆ ನೋಡಿದಳು. ಗಂಡನನ್ನೊಮ್ಮೆ ನೋಡಿದಳು. ಉಗುರು ಹಾಕಿ ಕಷ್ಟಪಟ್ಟು ಬಿಚ್ಚಿದಳು. ಸಿಂಹದ ರೂಪಾಯಿ ಠಣ್ಣೆಂದು ಆರತಿಯ ತಾಟಿಗೆ ಬಿತ್ತು.

"ಅಯ್ಯಯ್ಯ! ನೀ ಇಟ್ಟದ್ದು ಚಾರ್‌ಮಿನಾರ್ ಅಲ್ಲೇನ ಕಸ್ತೂರಿ?" ಗುರುಲಿಂಗಮ್ಮ ಎದ್ದೇ ನಿಂತಳು.

"ಹೌದು ದೊಡ್ಡವ್ವ." ಕಸ್ತೂರೆಮ್ಮ ರೂಪಾಯಿಯನ್ನು ಕಣ್ಣಿಗೆ ಒತ್ತಿಕೊಂಡು ಹೇಳಿದಳು: "ಅಮರಯ್ಯನ ಆಟ ಯಾರಿಗೆ ತಿಳೀತೈತಿ?"

ಅಷ್ಟು ಸಾಕಾಯಿತು! ಹಾಲಿ ನಿಲ್ಲುತ್ತದೆಂದು ಡಂಗುರ ಹೊಡೆದ ದಿನವೇ ದೇವರು ತನ್ನ ರೂಪಾಯಿಯನ್ನು ತಾನೇ ಕಲ್ದಾರ್ ಮಾಡಿಕೊಂಡನೆಂಬ ಸುದ್ದಿ ಓಣಿಯಿಂದ ಓಣಿಗೆ ಹಾರಿತು. ಮರುದಿನ ಬೆಳಗಾಗುತ್ತಲೇ ಹೆಂಗಸರು ಬಂದರು. ಒಬ್ಬೊಬ್ಬರ ಸೆರಗಿನಲ್ಲೂ ಒಂದೊಂದು ಅರಿಶಿಣದ ಗಂಟು. ಕಚೇರಿಗೆ ಹೋಗಿ ಬದಲಾವಣೆಯ ಬಟಾವೆಂದು ಒಂದಿಷ್ಟು ಕಳೆದುಕೊಳ್ಳುವುದಕ್ಕಿಂತ ಅಮರಯ್ಯನ ಮುಂದೆ ಒಂದು ದಿನ ಇಡುವುದು ಒಳ್ಳೆಯದಲ್ಲವೇ? ರೂಪಾಯಿಗೆ ರೂಪಾಯಿ ಕೊಡುವ ದೇವರು!

ಬಳೆಗಾರ್ತಿ ದಾವಲ್‌ಬೀ ಹೊಸ್ತಿಲ ಹೊರಗೇ ನಿಂತಳು. "ಅಕ್ಕಾರ, ನನ್ನ ರೂಪಾಯಿ ನಿಮ್ಮ ದೇವರಿಗೆ ನಡೀತೈತೇನ್ರೀ?"

"ಎಲ್ಲಾರ ರೂಪಾಯಿ ಮ್ಯಾಲೂ ಚಾರ್‌ಮಿನಾರನ ಐತಿ. ಇಷ್ಟು ದಿನ ನಡದದ್ದು ಈಗೇನಾಗ್ತೈತಿ? ಒಳಗ ಬಾ" ಎಂದಳು ಕಸ್ತೂರೆಮ್ಮ.

ಹಂಪಣ್ಣ ಗಂಟುಗಳನ್ನು ಎಣಿಸತೊಡಗಿದ. ಇಡೀ ಓಣಿಯ ಕೂಡಿಟ್ಟ ದುಡ್ಡು ತನ್ನ ಜಗಲಿಯ ಮೇಲೆ! ನಾಳೆ ಬಿಚ್ಚಿ ನೋಡಿದಾಗ ಚಾರ್‌ಮಿನಾರುಗಳು ಚಾರ್‌ಮಿನಾರುಗಳಾಗಿಯೇ ಇದ್ದರೆ? ಕಸ್ತೂರೆಮ್ಮನನ್ನು ಸುಳ್ಳಿ ಎನ್ನುತ್ತಾರೆ. ತನ್ನನ್ನು ಏನೆಂದರೂ ತಡೆದುಕೊಂಡಾನು. ಆಕೆಯನ್ನು ಅನ್ನಿಸುವುದು ಮಾತ್ರ ಆಗದು. ಒಳಗೆ ಹೋದವನು ಹಲಗೆಯನ್ನು ಎತ್ತಿ ಹಿಡಿದು ನಡುಮನೆಗೆ ಬಂದ.

"ತಾಯಂದಿರಾ, ದೇವರು ಏನೂ ಮಾಡಿಲ್ಲ! ನಾ ಮಾಡೀನಿ! ಇಲ್ಲಿ ನೋಡ್ರಿ ಹರಕಿ ರೂಪಾಯಿ. ಇದನ್ನ ತಗದು ಸಿಂಹದ್ದು ಇಟ್ಟಾಂವ ನಾನ!"

ಹೆಂಗಸರು ಕತ್ತು ಚಾಚಿ ಹಲಗೆ ನೋಡಿದರು. ಆಮೇಲೆ ಗುರುಲಿಂಗಮ್ಮ ಕೈ ಬೀಸಿದಳು.

"ಹೋಗೋ ಹಂಪಣ್ಣ! ಗಜ ಅರಿವಿ ಕೇಳಿದ್ರ ನಾಕು ಬೆರಳು ಕಮ್ಮಿ ಹರಿಯಾಂವ ನೀ. ಹಾಲಿ ತಗೊಂಡು ಕಲ್ದಾರ್ ಇಟ್ಟೀನಿ ಅಂದ್ರ ಯಾರು ನಂಬ್ತಾರ?"

"ಹೌದವ್ವ! ಚಿಲ್ರಿ ಬಿಲ್ಲಿ ಬಿಡದಾಂವ ರೂಪಾಯಿ ಬಿಡ್ತಾನ?"

"ನಮ್ಮ ಗಂಟು ಜಗಲಿ ಮ್ಯಾಲ ಇಡಬಾರದಂತ ಹೂಡಿದ ಹೂಟ ಇದು!"

ಸತ್ಯ ಹೇಳಿ ಸುಳ್ಳನಾದ ಹಂಪಣ್ಣ ಹಲಗೆ ಹಿಡಿದು ನಿಂತೇ ಇದ್ದ. ಕಸ್ತೂರೆಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಅಡುಗೆಮನೆಗೆ ಹೋದಳು. ಅಳುತ್ತಿದ್ದಾಳೆಂದು ಅವನು ತಿಳಿದ.

ಹೆಂಗಸರು ಗಂಟು ಇಟ್ಟು ಹೊರಟರು. ಹಂಪಣ್ಣ ಮುಂದಿನ ಬಸ್ಸಿಗೆ ಅಷ್ಟನ್ನೂ ಚೀಲದಲ್ಲಿ ತುಂಬಿಕೊಂಡು ಲಿಂಗಸುಗೂರಿಗೆ ಓಡಿದ. ಕಚೇರಿಯ ಕಾರಕೂನನ ಬೆರಳು ಹಳದಿಯಾದವು.

"ಇಷ್ಟು ಅರಿಶಿಣ ಯಾಕ್ರೀ? ರೂಪಾಯಿಗೆ ಮದುವಿ ಮಾಡೀರೇನು?"

"ಮದುವಿ ಅಲ್ರೀ ಸಾಹೇಬ್ರ, ನನ್ನ ತಿಥಿ!"

ಬಟಾವಿನಲ್ಲಿ ಕಡಿಮೆ ಬಿದ್ದದ್ದನ್ನು ತನ್ನ ಕಿಸೆಯಿಂದ ತುಂಬಿದ. ಮನೆಗೆ ಬಂದು ಜಗಲಿಯ ಮುಂದೆ ಕುಳಿತು ಗಂಟು ಕಟ್ಟತೊಡಗಿದರೆ ಕಸ್ತೂರೆಮ್ಮ ಬಂದು ಅರಿವೆಗಳನ್ನು ಕಸಿದುಕೊಂಡಳು.

"ಕೊಡ್ರಿಲ್ಲಿ. ಗಂಟು ನಾ ಹಾಕ್ತೀನಿ."

ಮರುದಿನ ಓಣಿಯಲ್ಲಿ ಹಬ್ಬ! ಎಲ್ಲ ಗಂಟುಗಳಲ್ಲೂ ಸಿಂಹಗಳು. ದಾವಲ್‌ಬೀ ಕಸ್ತೂರೆಮ್ಮನ ಕೈ ತುಂಬ ಹಸಿರು ಬಳೆ ತೊಡಿಸಿ ದುಡ್ಡು ಬೇಡವೆಂದಳು. ಹಂಪಣ್ಣನನ್ನು ಮಾತ್ರ, ದೇವರ ಹೆಸರಿಗೆ ತನ್ನ ಹೆಸರು ಹಚ್ಚಿಕೊಳ್ಳಲು ಹೋದವನೆಂದು ತಿಂಗಳುಗಟ್ಟಲೆ ಆಡಿಕೊಂಡರು.

ಸೋಮವಾರ ಗಂಡ ಹೆಂಡತಿ ಗುರುಗುಂಟೆಗೆ ಹೊರಟರು. ಮೀಮ್ ರೂಪಾಯಿ ಹಲಗೆ ಬಿಟ್ಟು ಹಳದಿ ಅರಿವೆಗೆ ಮರಳಿತ್ತು. ಬಸ್ಸು ಲಿಂಗಸುಗೂರು ದಾಟಿದ ಮೇಲೆ ಹಂಪಣ್ಣ ಮೆಲ್ಲಗೆ ಕೇಳಿದ.

"ನೀನರ ನಂಬಿದೀಯಿಲ್ಲ, ನಾನ ತಗದದ್ದಂತ?"

"ಗಂಟು ಕೈಯಾಗ ಹಿಡದಾಗನ ಗೊತ್ತಾತು."

"ಬಿಚ್ಚೂಕಿಂತ ಮೊದಲ? ಹೆಂಗ?"

"ನಾ ಹಾಕಿದ ಗಂಟು ಜಗ್ಗಿದ್ರ ಬಿಚ್ಚತೈತಿ. ಅದು ಥಾನು ಕಟ್ಟೂ ಗಂಟು, ಹಲ್ಲಿಗೂ ಬಗ್ಗಂಗಿಲ್ಲ. ಅಮರಯ್ಯ ಎಲ್ಯಾರ ಜವಳಿ ಅಂಗಡಿ ಇಟ್ಟಾನೇನ್ರೀ?"

ಹಂಪಣ್ಣ ಕಿಟಕಿಯ ಕಡೆ ನೋಡಿದ. ಕಿಟಕಿಯ ಹೊರಗೂ ಸಮಾಧಾನ ಇರಲಿಲ್ಲ.

"ಮತ್ತ ಗುರುಲಿಂಗಮ್ಮನ ಮುಂದ ಯಾಕ ಹಂಗಂದಿ?"

"ಆಕಿ ಮುಂದ ನನ್ನ ಗಂಡ ಕಳ್ಳ ಅನ್ನಲ್ಯಾ? ದೇವರ ಮ್ಯಾಲ ಹಾಕಿದ್ನಿ. ಅಂವ ತಡಕೊಂತಾನ, ನೀವು ತಡಕೊಳಂಗಿಲ್ಲ."

"ಅದಿರಲಿ, ಇದು ಯಾತರ ಹರಕಿ?"

ಕಸ್ತೂರೆಮ್ಮ ಕೈಯೊಳಗಿನ ಗಂಟನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

"ಗದ್ದಲದ ವರ್ಷ ನೀವು ಸಿಂಧನೂರು ದಾಟಿ ಹೊಳಿ ಆಚಿ ಹೋರಾಟದ ಕ್ಯಾಂಪಿಗೆ ಹೋದ್ರಿ. ಇದ್ದೀರೋ ಇಲ್ಲೋ ಅಂತ ಹೇಳವರಿರಲಿಲ್ಲ. ಮನ್ಯಾಗ ಬ್ಯಾರೆ ಏನೂ ಉಳಿದಿರಲಿಲ್ಲ. ನಾ ಹೊಸ್ತಿಲು ದಾಟಿ ಒಳಗ ಬಂದ ದಿನ ನಿಮ್ಮವ್ವ ಕೈಯಾಗ ಇಟ್ಟ ರೂಪಾಯಿ ಒಂದಿತ್ತು. ಇವರು ಜೀವಂತ ಬರಲಿ ಅಂತ ಅದನ್ನ ಕಟ್ಟಿದ್ನಿ."

ಹಂಪಣ್ಣ ಆಕೆಯ ಸೆರಗಿನೊಳಗಿನ ಗಂಟನ್ನು ಬೆರಳಿನಿಂದ ಮುಟ್ಟಿ ನೋಡಿದ. ಬಾಯಿಗೆ ಬಂದದ್ದು ಮಾತ್ರ ವ್ಯಾಪಾರಿಯ ಮಾತೇ.

"ನಾ ಬಂದು ಇಷ್ಟು ವರ್ಷ ಆತು. ಮುಟ್ಟಿಸಾಕ ಇಷ್ಟು ತಡ ಮಾಡೂದೇನು?"

"ಬೇಕಂತಲೇ ಮಾಡೀನಿ. ಉದ್ರಿ ಗಿರಾಕಿಗೆ ಜ್ವರ ಬಂದ್ರ ಅವನ ಹೆಂಡ್ತಿಗಿಂತ ಮೊದಲ ಓಡಿ ಹೋಗಿ ನೋಡ್ತೀರಿ ನೀವು. ಪೂರಾ ಕೊಟ್ಟಾಂವ ಸತ್ತನೋ ಬದುಕಿದನೋ ಅಂತ ಒಂದಿನ ಕೇಳೀರಿ? ಅದನ್ನ ನೋಡೇ ಕಲ್ತೀನಿ. ಬಾಕಿ ಇದ್ರ ಅಮರಯ್ಯ ನಿಮ್ಮ ಮ್ಯಾಲ ಕಣ್ಣಿಟ್ಟಿರ್ತಾನ!"

ಗುಡಿಯಲ್ಲಿ ಮೀಮ್ ರೂಪಾಯಿ ಮುಟ್ಟಿತು. ಹಂಪಣ್ಣ ಕೈ ಮುಗಿದು ಕಣ್ಣು ತೆರೆಯುವಷ್ಟರಲ್ಲಿ ಕಸ್ತೂರೆಮ್ಮ ಅವನ ಮುಂದೆ ಕೈ ಚಾಚಿದ್ದಳು.

"ಒಂದು ಸಿಂಹದ್ದು ಕೊಡ್ರಿ."

"ಅದ್ಯಾಕ?"

"ಖಾತಿ ಬಂದ್ ಆಗಬಾರದಲ್ಲ!"

ಅದೇ ಹಳದಿ ಅರಿವೆಯಲ್ಲಿ ಅದನ್ನಿಟ್ಟು, ಜಗ್ಗಿದರೆ ಬಿಚ್ಚುವ ಗಂಟು ಹಾಕಿ, ಮನೆಗೆ ತಂದು ಜಗಲಿಯ ಮೇಲಿಟ್ಟಳು. ಹಲಗೆಯ ನಡುವಿನ ತೂತನ್ನು ಹಂಪಣ್ಣ ಮತ್ತೆ ತುಂಬಲಿಲ್ಲ. ಮೊಮ್ಮಕ್ಕಳು ಹುಟ್ಟಿದರು, ಹಲಗೆ ನೋಡಿದರು, ಬೆರಗಾಗಲಿಲ್ಲ. ಇಲ್ಲಿ ಯಾಕೆ ಖಾಲಿ ಎಂದು ಮಾತ್ರ ಕೇಳಿದರು.

"ಅಲ್ಲಿದ್ದದ್ದು ಗುರುಗುಂಟಿಗೆ ಹೋಗೈತಿ. ನನ್ನ ಬದಲಿ" ಎನ್ನುತ್ತಿದ್ದ.

ಆ ಸಿಂಹದ ರೂಪಾಯಿಯ ಕಾಲವೂ ಮುಗಿಯಿತು. ಈಗ ಅದನ್ನು ಅಂಗಡಿಯಲ್ಲಿ ಯಾರೂ ತೆಗೆದುಕೊಳ್ಳುವುದಿಲ್ಲ. ದೇವರು ಬಾಕಿ ಮರೆಯಲಿಲ್ಲ. ಬಹಳ ವರ್ಷ ಕಣ್ಣಿಟ್ಟೇ ಇದ್ದ.

ಮೊನ್ನೆ ಅವರ ಮನೆಗೆ ಹೋಗಿದ್ದೆ. ಗೋಡೆಯ ಮೇಲೆ ಹಲಗೆ ಇತ್ತು. ಜಗಲಿಯ ಮೂಲೆಯಲ್ಲಿ ಗಂಟು ಇತ್ತು. ಕಸ್ತೂರೆಮ್ಮ ಚಹಾ ತಂದುಕೊಟ್ಟಳು. ಗಂಟಿನ ಕಡೆ ನೋಡಿ ಕೇಳಿದೆ:

"ಕಸ್ತೂರೆವ್ವಾ, ಇನ್ನು ಅದನ್ನ ಗುರುಗುಂಟಿಗೆ ಮುಟ್ಟಿಸಿ ಬರೂಣೇನು? ನಾ ಕರಕೊಂಡು ಹೋಗ್ತೀನಿ."

ಆಕೆ ಗಂಟನ್ನು ಕೈಗೆ ತೆಗೆದುಕೊಂಡು, ಬಿಗಿಯಾಗಿದೆಯೇ ಎಂದು ನೋಡಿ, ಇದ್ದಲ್ಲಿಯೇ ಇಟ್ಟಳು.

"ಬ್ಯಾಡಣ್ಣ. ಗೊತ್ತಿಲ್ಲದ ಊರಿಗೆ ಒಬ್ಬರ ಹೋಗ್ಯಾರ. ಅಲ್ಲೂ ಯಾರರ ಅವರ ಮ್ಯಾಲ ಕಣ್ಣಿಡಬೇಕಲ್ಲ!"