ಮಾವನ ಪಕ್ಕದ ಜಾಗಕ್ಕೊಂದು ರೀಲು

ಕಡಿಮೆ ಬೆಲೆಗೆ ಒಳ್ಳೆಯ ಗಾಳದ ರೀಲು ಆರಿಸುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಈ ಊರಿನಲ್ಲಿ ಇನ್ನೂ ಹುಟ್ಟಿಲ್ಲ! ಇದು ಜಂಬವಲ್ಲ, ವರದಿ. ಈ ಬರಹವನ್ನು ಪೂರ್ತಿ ಓದಿದ ಮೇಲೂ ನೀವು ಈ ಮಾತನ್ನು ಅಲ್ಲಗಳೆಯಲಾರಿರಿ. ನಗುವುದಕ್ಕೆ ನಿಮಗೆ ಬೇರೆ ವಿಷಯ ಸಿಗುತ್ತದೆ. ಅದನ್ನೂ ನಾನೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಬೀದಿಯ ಕ್ಷೌರದಂಗಡಿಯವನು ಹೇಳಿದರೆ ಅದಕ್ಕೆ ಬಾಲ, ಕೊಂಬು ಎರಡೂ ಬೆಳೆದಿರುತ್ತವೆ.

ನನ್ನ ಮಾವ ಬಂದರಿನಲ್ಲಿ ಕ್ರೇನ್ ನಡೆಸಿ ನಿವೃತ್ತರಾದವರು. ಪ್ರತಿ ಭಾನುವಾರ ಬೆಳಗ್ಗೆ ಅಲೆ ತಡೆಯುವ ಕಲ್ಲುಗೋಡೆಯ ತುದಿಯಲ್ಲಿ ಕೂತು ಸಮುದ್ರಕ್ಕೆ ಗಾಳ ಹಾಕುತ್ತಾರೆ. ಆ ತುದಿಯಲ್ಲಿ ಇಬ್ಬರು ಕೂರುವಷ್ಟೇ ಚಪ್ಪಟೆ ಜಾಗ. ಒಂದು ಮಾವನದು, ಇನ್ನೊಂದು ಅವರ ಹಳೆಯ ಸ್ನೇಹಿತರದು. ನಾನು ಅಳಿಯನಾಗಿ ಹದಿನೆಂಟು ವರ್ಷವಾದರೂ ಮಾವ ಒಂದು ದಿನವೂ ‘ಬನ್ನಿ’ ಎಂದವರಲ್ಲ. ಈಗ ಆ ಸ್ನೇಹಿತರು ಊರು ಬಿಟ್ಟರು. ಜಾಗ ಖಾಲಿ! ಮಾವನಿಂದ ಫೋನ್ ಬಂತು.

“ಅಳಿಯಂದ್ರೇ, ಭಾನುವಾರ ಬರ್ತೀರಾ? ರೀಲು ನಿಮ್ಮದೇ ಇರ್ಬೇಕು. ಶನಿವಾರ ಸಂಜೆ ಬಂದು ನೋಡ್ತೀನಿ. ಸರಿ ಇದ್ರೆ ಜಾಗ ನಿಮ್ದು.”

ಮಾವ ನನ್ನೊಡನೆ ಒಂದೇ ಸಲಕ್ಕೆ ಇಷ್ಟು ಮಾತಾಡಿದ್ದು ಅದೇ ಮೊದಲು. ಜೀವಮಾನವಿಡೀ ಕ್ರೇನಿನ ಗೂಡಿನಲ್ಲಿ ಕೂತವರು, ಕೈಸನ್ನೆಯಲ್ಲೇ ಸಂಸಾರ ಸಾಗಿಸಿದವರು. ನಾಚಿಕೆಯಿಲ್ಲದೆ ಹೇಳುತ್ತೇನೆ, ನನ್ನ ಕಣ್ಣು ತುಂಬಿ ಬಂತು. ಆ ಮನುಷ್ಯನ ಪಕ್ಕದಲ್ಲಿ ಕೂರಬೇಕೆಂದು ನಾನು ಎಷ್ಟು ಆಸೆಪಟ್ಟಿದ್ದೆನೆಂದು ನನಗೇ ಅಲ್ಲಿಯವರೆಗೆ ಗೊತ್ತಿರಲಿಲ್ಲ.

“ನಮ್ಮ ಭಾವನ ಥರ ದುಡ್ಡು ಸುರಿದು ಬರಬೇಡಿ ಮತ್ತೆ,” ಎಂದಳು ಹೆಂಡತಿ.

ಅವಳ ಭಾವ ಎಂದರೆ ನನ್ನ ಷಡ್ಡಕ. ಹಿಂದೊಮ್ಮೆ ಅವನೂ ಮಾವನನ್ನು ಮೆಚ್ಚಿಸಲು ಬಂಗಾರದ ಬಣ್ಣದ ದುಬಾರಿ ರೀಲು ತಂದಿದ್ದ. ಅದು ಕೆರೆಯ ಮೀನಿಗೆ ಮಾಡಿದ್ದು. ಉಪ್ಪುನೀರು ಕುಡಿದು ಮೂರನೇ ವಾರಕ್ಕೆ ಕೈಕಾಲು ಹಿಡಿದುಕೊಂಡಿತು. ಈಗ ಅವನ ಮೇಜಿನ ಮೇಲೆ ಕಾಗದ ಹಾರದಂತೆ ಕಾಯುತ್ತಿದೆ.

“ಇಪ್ಪತ್ತೈದು ವರ್ಷದಿಂದ ಮೋಟಾರಿನ ಕಾಯಿಲ್ ಸುತ್ತಿ ಬದುಕ್ತಿರೋನು ಕಣೇ ನಾನು! ರೀಲು ಅಂದ್ರೆ ಇನ್ನೇನು? ಬೇರಿಂಗು, ಗೇರು, ಸುತ್ತು! ಮೀನಿನ ಮರಿಗೆ ಈಜು ಕಲಿಸ್ತೀಯಾ?”

“ಕಲಿಸಲ್ಲ. ಮುಳುಗಿದ್ರೆ ಕೂಗಿ, ಬರ್ತೀನಿ.”

ಗಾಳದ ಅಂಗಡಿಯಾಕೆ ಕನ್ನಡಕವನ್ನು ನೆತ್ತಿಗೇರಿಸಿಕೊಂಡು ಮೂರು ರೀಲು ಮುಂದಿಟ್ಟಳು. ಮೂರೂ ಸುರುಳಿ ತಿರುಗದ ಜಾತಿಯವು. ಅಂದರೆ, ದಾರದ ಸುರುಳಿ ಇದ್ದಲ್ಲೇ ಇರುತ್ತದೆ, ತಂತಿಯ ತೋಳೊಂದು ಅದರ ಸುತ್ತ ಓಡಾಡಿ ದಾರ ಸುತ್ತುತ್ತದೆ. ಥೇಟ್ ನಮ್ಮ ಮಾವನ ಮನೆ! ಅವರು ಕುರ್ಚಿಯಿಂದ ಕದಲುವುದಿಲ್ಲ, ಉಳಿದವರೆಲ್ಲ ಸುತ್ತ ಓಡಾಡುತ್ತಾರೆ.

“ಇದ್ರಲ್ಲಿ ಹದಿಮೂರು ಬೇರಿಂಗ್ ಇದೆ ಸರ್. ತುಂಬಾ ಓಡ್ತಿದೆ.”

ಕಿವಿಯ ಹತ್ತಿರ ಹಿಡಿದು ಹಿಡಿಕೆ ತಿರುಗಿಸಿದೆ. ಒಳಗೆ ಹದಿಮೂರು ಜನ ಹಲ್ಲು ಕಡಿಯುತ್ತಿದ್ದರು. “ಕೆಡೋಕೆ ಹದಿಮೂರು ಜಾಗ ಯಾಕಮ್ಮಾ ಕೊಡ್ಲಿ? ನಾಲ್ಕೇ ಇರ್ಲಿ, ಉಪ್ಪುನೀರು ಒಳಗೆ ನುಗ್ಗದ ಹಾಗೆ ಮುಚ್ಚಿರ್ಲಿ.”

ಎರಡನೆಯದರ ಹಿಡಿಕೆ ಹಲ್ಲು ಬೀಳುವ ಮಗುವಿನ ಹಲ್ಲಿನಂತೆ ಅಲ್ಲಾಡಿತು. ಅದನ್ನೂ ಸರಿಸಿದೆ. ಮೂರನೆಯದು ಮಂಕು ಕಪ್ಪು, ಅಲಂಕಾರವಿಲ್ಲ, ಬೆಲೆಯೂ ಎಲ್ಲಕ್ಕಿಂತ ಕಡಿಮೆ. ದಾರ ಕಟ್ಟಿ ಎಳೆದು ನೋಡಿದೆ. ಮೀನು ಜೋರಾಗಿ ಎಳೆದಾಗ ದಾರ ಕಡಿಯದಂತೆ ಸ್ವಲ್ಪ ಸ್ವಲ್ಪವೇ ಬಿಟ್ಟುಕೊಡುವ ಬ್ರೇಕು ಇದರಲ್ಲಿರುತ್ತದೆ. ಈ ರೀಲಿನ ಬ್ರೇಕು ಎಲ್ಲೂ ಜಗ್ಗದೆ, ಮುಗ್ಗರಿಸದೆ, ಬೆಣ್ಣೆಯಂತೆ ಬಿಟ್ಟುಕೊಟ್ಟಿತು.

“ಇದನ್ನೇ ಕೊಡಿ!”

ಆಕೆ ಕನ್ನಡಕವನ್ನು ಮೂಗಿಗೆ ಇಳಿಸಿ ನನ್ನನ್ನು ಸರಿಯಾಗಿ ನೋಡಿದಳು. “ನಾನು ಮನೆಗೆ ಇಟ್ಕೊಂಡಿರೋದೂ ಇದೇ ಸರ್. ಯಾರೂ ಕೇಳಲ್ಲ, ಹೊಳೆಯಲ್ವಲ್ಲ, ಅದಕ್ಕೆ. ದಾರ ಸುತ್ತಿ ಕೊಡ್ಲಾ? ಅದಕ್ಕೇನೂ ತಗೊಳ್ಳಲ್ಲ.”

ಎದೆ ಒಂದು ಗೇಣು ಉಬ್ಬಿದ್ದು ಎರಡು ಗೇಣಾಯಿತು. ಸುತ್ತುವುದೇ ಕಸುಬಾದವನಿಗೆ ಸುತ್ತಿಕೊಡುವುದೇ! ದಾರವನ್ನು ಬೇರೆಯಾಗಿ ಪೊಟ್ಟಣ ಕಟ್ಟಿಸಿಕೊಂಡು, ಗೆದ್ದ ಸೇನಾಪತಿಯಂತೆ ಮನೆಗೆ ಬಂದೆ.

ನಮ್ಮದು ಕೆಳಗೆ ವರ್ಕ್‌ಶಾಪು, ಮೇಲೆ ಮನೆ. ರೀಲಿನ ಸುರುಳಿಯನ್ನು ಕಳಚಿ ನನ್ನ ವೈಂಡಿಂಗ್ ಮಿಷನ್ನಿಗೆ ಸಿಕ್ಕಿಸಿದೆ. ದಾರ ಬಿಗಿಯಾಗಿರಲೆಂದು ಹೆಂಡತಿಯ ಕೈಗೆ ಒದ್ದೆ ಬಟ್ಟೆ ಕೊಟ್ಟು ಅದರ ನಡುವೆ ದಾರ ಹಾಯಿಸಿದೆ. ದಾರದ ಒಳತುದಿಗೆ ಒಂದು ಚೂರು ಟೇಪು ಅಂಟಿಸಿದೆ. ಕಾಯಿಲಿನ ತುದಿಗೆ ಗಂಟು ಹಾಕುವ ಮೂರ್ಖ ನಮ್ಮ ಕಸುಬಿನಲ್ಲಿ ಒಬ್ಬನೂ ಇಲ್ಲ. ಆಮೇಲೆ ಬಿಚ್ಚಿ ಕನೆಕ್ಷನ್ ಕೊಡಬೇಕಲ್ಲ!

“ರೀ, ಆ ತುದಿ...”

“ಮಾತಾಡ್ಬೇಡ, ಕೈ ಸಡಿಲ ಆಗುತ್ತೆ!”

ಅವಳು ಬಟ್ಟೆಯನ್ನು ಬಿಗಿಯಾಗಿ ಹಿಡಿದಳು. ಇನ್ನೂರೈವತ್ತು ಮೀಟರು ದಾರ, ಸುತ್ತಿನ ಪಕ್ಕ ಸುತ್ತು, ಒಂದರ ಮೇಲೊಂದು ಹತ್ತದೆ ಕೂತಿತು. ಅಂಥ ಸುತ್ತನ್ನು ನೋಡಿದ್ದರೆ ನನಗೆ ಕೆಲಸ ಕಲಿಸಿದ ಮೇಸ್ತ್ರಿ ಅಪ್ಪಿಕೊಳ್ಳುತ್ತಿದ್ದರು.

ಶನಿವಾರ ಸಂಜೆ ಮಾವ ಬಂದರು. ರೀಲನ್ನು ತಿರುಗಿಸಿ, ಅಲ್ಲಾಡಿಸಿ, ಕಿವಿಗೆ ಹಿಡಿದು ನೋಡಿದರು. ಹೆಬ್ಬೆರಳು ಮೇಲೆತ್ತಿದರು! ನಾನು ನೆಲದಿಂದ ಎರಡು ಅಂಗುಲ ಮೇಲೆದ್ದೆ.

“ಬ್ರೇಕ್ ನೋಡಣ. ನಾನೇ ಮೀನು. ನೀವು ಬಾಲ್ಕನೀಲಿ ನಿಲ್ಲಿ.”

ರೀಲನ್ನು ತಾವು ತಂದಿದ್ದ ಗಾಳದ ಕೋಲಿಗೆ ಸಿಕ್ಕಿಸಿ ನನ್ನ ಕೈಗೆ ಕೊಟ್ಟು, ದಾರದ ತುದಿಯನ್ನು ಕೋಲಿನ ಬಳೆಗಳಲ್ಲಿ ಹಾಯಿಸಿ ಮುಂಗೈಗೆ ಸುತ್ತಿಕೊಂಡು ಮಾವ ಮೆಟ್ಟಿಲಿಳಿದರು. ಬೀದಿಗೆ ಬಂದವರೇ ನಡೆದರು, ನೋಡಿ! ರೀಲು ಕಿರ್ರೆಂದು ಹಾಡತೊಡಗಿತು. ಎಷ್ಟು ನಯವಾಗಿದೆಯೆಂದು ತೋರಿಸಲು ನಾನು ಬ್ರೇಕನ್ನು ಇನ್ನಷ್ಟು ಸಡಿಲಿಸಿದೆ. ಮಾವ ಔಷಧಿ ಅಂಗಡಿ ದಾಟಿದರು, ಕ್ಷೌರದಂಗಡಿ ದಾಟಿದರು. ಅರ್ಧ ಬೀದಿ ಹೊರಗೆ ಬಂದು ನಿಂತಿತು. ದೂರದಲ್ಲಿ ಮಾವ ತಿರುಗಿ, ಬಿಗಿದ ಮುಷ್ಟಿಯನ್ನು ಮೇಲೆತ್ತಿ ತೋರಿಸಿದರು. ‘ಭೇಷ್!’ ಎನ್ನುತ್ತಿದ್ದಾರೆಂದು ನಾನೂ ಮುಷ್ಟಿ ಎತ್ತಿ ಕುಣಿಸಿದೆ.

“ರೀ! ಕ್ರೇನಿನವರಲ್ಲಿ ಮುಷ್ಟಿ ಅಂದ್ರೆ ನಿಲ್ಸು ಅಂತ! ಬ್ರೇಕ್ ಬಿಗಿ ಮಾಡಿ!” ಒಳಗೆ ಕಿಟಕಿಯಿಂದ ನೋಡುತ್ತಿದ್ದ ಹೆಂಡತಿ ಓಡಿ ಬಂದಳು.

ಅಷ್ಟರಲ್ಲಿ ಮಾವ, ಸನ್ನೆಗೆ ಮರ್ಯಾದೆ ಕೊಡದ ಅಳಿಯನ ಮೇಲಿನ ಸಿಟ್ಟಿಗೆ, ನಾಲ್ಕು ಹೆಜ್ಜೆ ಬಿರುಸಾಗಿ ಹಾಕಿದರು. ಸುರುಳಿ ಬರಿದಾಯಿತು. ಟೇಪು ‘ಪಟ್’ ಎಂದು ಕಿತ್ತುಬಂತು. ದಾರದ ತುದಿ ಗಾಳದ ಕೋಲಿನ ಬಳೆಗಳಿಂದ ಒಂದೊಂದಾಗಿ ನುಸುಳಿ, ನನ್ನ ಕಣ್ಣೆದುರೇ ಬಾಲ್ಕನಿಯಿಂದ ಬೀದಿಗೆ ಹಾರಿತು. ಮೀನಿನ ಜೊತೆ ಇನ್ನೂರೈವತ್ತು ಮೀಟರೂ ಹೋಯಿತು. ನನ್ನ ಕೈಯಲ್ಲಿ ಈ ಊರಿನ ಅತ್ಯುತ್ತಮ ರೀಲು ಉಳಿಯಿತು.

ಬೀದಿಗೆ ಬಿದ್ದ ದಾರ ಸುಮ್ಮನಿರುತ್ತದೆಯೇ? ಅರವತ್ತು ಮೀಟರನ್ನು ಹಾದುಹೋಗುತ್ತಿದ್ದ ಸೈಕಲ್ಲಿನ ಹಿಂಚಕ್ರ ನನ್ನ ಮಿಷನ್ನಿಗಿಂತ ಅಚ್ಚುಕಟ್ಟಾಗಿ ಸುತ್ತಿಕೊಂಡಿತು. ಸೈಕಲ್ಲಿನವನು ಇಳಿದು ನನ್ನ ವಂಶವನ್ನು ವಿಚಾರಿಸಿಕೊಂಡ. ಅರ್ಧ ಗಡ್ಡಕ್ಕೆ ನೊರೆ ಹಚ್ಚಿಸಿಕೊಂಡಿದ್ದ ಗಿರಾಕಿಯೊಬ್ಬ ನೋಡಲು ಬಂದು ಕಾಲಿಗೆ ದಾರ ಸಿಕ್ಕಿಸಿಕೊಂಡು ಕೂತ. ನಾನು ಬೀದಿಯ ನಡುವೆ ಮಂಡಿಯೂರಿ, ಇಂಗು ತಿಂದ ಮಂಗನಂತೆ ಮುಖ ಮಾಡಿಕೊಂಡು ಗಂಟು ಬಿಡಿಸಿದೆ.

ಮಾವ ಮನೆಯೊಳಗೆ ಬಂದು ಕುರ್ಚಿಯಲ್ಲಿ ಕೂತು, ಮುಂಗೈಯ ದಾರವನ್ನು ಒಂದೊಂದೇ ಸುತ್ತಾಗಿ ಬಿಚ್ಚಿ ನೆಲಕ್ಕೆ ಹಾಕಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ಗೋಡೆ, ನನ್ನ ಭಾನುವಾರ ಎಲ್ಲ ಆ ಟೇಪಿನ ಜೊತೆ ಕಿತ್ತುಹೋಗಿತ್ತು.

ಹೆಂಡತಿ ದಾರದ ತುದಿಯನ್ನು ಎತ್ತಿಕೊಂಡಳು. ಬೆರಳಿಗೆ ಎರಡು ಸುತ್ತು, ಒಂದು ಮಡಿಕೆ, ತುಟಿಗೆ ತಾಗಿಸಿ ಒದ್ದೆ ಮಾಡಿದಳು, ಎಳೆದಳು. ಸುರುಳಿಗೆ ಕಲ್ಲಿನಂಥ ಗಂಟು ಬಿತ್ತು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ.

“ನಿಂಗೆ ಇದೆಲ್ಲಾ ಬರುತ್ತಾ?”

“ಮದುವೆಗೆ ಮುಂಚೆ ಆ ಗೋಡೆ ಮೇಲೆ ಅಪ್ಪನ ಪಕ್ಕ ಯಾರು ಕೂರ್ತಿದ್ರು ಅಂದ್ಕೊಂಡ್ರಿ?”

“ಹದಿನೆಂಟು ವರ್ಷದಲ್ಲಿ ಒಂದು ಸಲ ಹೇಳ್ಲಿಲ್ಲ!”

“ನೀವು ಒಂದು ಸಲ ಕೇಳ್ಲಿಲ್ಲ.”

ಅದು ನಿಜ. ಜೋಕಿನ ಮಧ್ಯೆ ಹೇಳುತ್ತಿದ್ದೇನೆಂದು ನಿಜವಲ್ಲವೆಂದುಕೊಳ್ಳಬೇಡಿ. ಈ ಮಾತು ಮಾತ್ರ ಬೀದಿಯವರೆಲ್ಲ ನಕ್ಕದ್ದಕ್ಕಿಂತ ಹೆಚ್ಚು ಚುಚ್ಚಿತು.

ಮಾವ ಆ ಗಂಟನ್ನು ಉಗುರಿನಿಂದ ಕೆರೆದು ನೋಡಿದರು. ಅವರ ಮುಖದಲ್ಲಿ ನಾನು ಹದಿನೆಂಟು ವರ್ಷದಿಂದ ಕಾಣದ ನಗುವೊಂದು ಬಂತು. “ಮರೆತಿಲ್ಲ ನೀನು! ನಾಳೆ ಐದೂವರೆಗೆ ರೆಡಿ ಇರು, ಪುಟ್ಟಿ.”

ಭಾನುವಾರ ಮಧ್ಯಾಹ್ನ ಅಪ್ಪ-ಮಗಳು ಮೊಳದುದ್ದದ ಮೀನಿನೊಂದಿಗೆ ಬಂದರು. ಅವಳ ಮೂಗು ಬಿಸಿಲಿಗೆ ಕೆಂಪಾಗಿತ್ತು, ದನಿ ಮದುವೆಯ ಹೊಸದರಲ್ಲಿ ಇದ್ದಂತೆ ಇತ್ತು. ಮಾವ ನನ್ನ ಭುಜ ತಟ್ಟಿದರು. “ಏನ್ ರೀಲು ಅಳಿಯಂದ್ರೇ! ನಂಗೂ ಇಂಥದ್ದೇ ಒಂದು ಆರಿಸ್ಕೊಡಿ.” ನೋಡಿದಿರಾ? ಮೊದಲೇ ಹೇಳಿರಲಿಲ್ಲವೇ, ನನ್ನನ್ನು ಮೀರಿಸುವವರಿಲ್ಲ ಎಂದು! ಸೋಮವಾರವೇ ಆರಿಸಿ ಕೊಟ್ಟೆ. ದಾರ ಮಾತ್ರ ಅಂಗಡಿಯಾಕೆಯೇ ಸುತ್ತಿದಳು.

ಈಗ ಭಾನುವಾರಗಳು ಅವರಿಬ್ಬರದು. ಆದರೆ ನನ್ನನ್ನು ಕೈಬಿಟ್ಟರೆಂದು ಮರುಗಬೇಡಿ, ನನಗೂ ಒಂದು ಹುದ್ದೆ ಸಿಕ್ಕಿದೆ. ಪ್ರತಿ ಶನಿವಾರ ಸಂಜೆ ಎರಡೂ ರೀಲುಗಳ ಬ್ರೇಕು ನೋಡಬೇಕಲ್ಲ? ಮಾವನಿಗೆ ಮಂಡಿನೋವು. ಹಾಗಾಗಿ ದಾರವನ್ನು ಸೊಂಟಕ್ಕೆ ಕಟ್ಟಿಕೊಂಡು ಬೀದಿಯಲ್ಲಿ ಓಡುವ ಮೀನು ನಾನೇ. ಮೊನ್ನೆ ಕ್ಷೌರದಂಗಡಿಯವರೆಗೆ ವೀರಾವೇಶದಿಂದ ಜಗ್ಗಿ, ಏದುಸಿರು ಬಿಡುತ್ತಾ ಬಾಲ್ಕನಿಯ ಕೆಳಗೆ ಬಂದು ನಿಂತೆ. ಮಾವ ರೀಲು ಸುತ್ತುತ್ತಾ ಬಗ್ಗಿ ನೋಡಿ, “ಏನ್ಮಾಡಣ, ಮೇಲೆತ್ತಣ್ವಾ?” ಎಂದು ಮಗಳನ್ನು ಕೇಳಿದರು.

ಅವಳು ನನ್ನನ್ನು ತಲೆಯಿಂದ ಕಾಲಿನವರೆಗೆ ಅಳೆದು, ಬೀದಿಗೆಲ್ಲ ಕೇಳುವಂತೆ ಹೇಳಿದಳು:

“ಬೇಡಪ್ಪಾ, ಬಿಟ್ಬಿಡು. ತೀರಾ ಸಣ್ಣದು!”