ಬೀಗರು, ಎಮ್ಮೆ ಮತ್ತು ಪ್ರಾಸ್ಟೇಟ್ ಪರೀಕ್ಷೆ

ನಮ್ಮ ಕಡೆಯ ಗಂಡಸರು ಮೂತ್ರಚೀಲದ ಕೆಳಗಿನ ಒಂದು ಸಣ್ಣ ಗ್ರಂಥಿಯನ್ನು ಮಾನದ ಪ್ರಶ್ನೆ ಮಾಡಿ ಕೂತಿದ್ದಾರೆ. ಇದು ತಪ್ಪು. ಪ್ರಾಸ್ಟೇಟ್ ಎಂಬ ಆ ಗ್ರಂಥಿಯಲ್ಲೇ ನಮ್ಮಣ್ಣನಿಗೆ ಕ್ಯಾನ್ಸರ್ ಬಂತು. ಅಣ್ಣನಿಗೆ ಬಂದರೆ ತಮ್ಮನಿಗೂ ಅಪಾಯ ಹೆಚ್ಚು ಎಂದರು ಡಾಕ್ಟರು. ಅಂದಿನಿಂದ ನಾನು ಹೋದಲ್ಲೆಲ್ಲ ಈ ಮಾತು ಎತ್ತುತ್ತೇನೆ. ಎತ್ತಿದಲ್ಲೆಲ್ಲ ಒಂದು ಫಜೀತಿ.

ಹೆಂಗಸರ ಟೆಂಪೊ

ನನ್ನ ಹೆಂಡತಿಯ ಸಂಘದವರು ಬನಹಟ್ಟಿಯಿಂದ ಜಮಖಂಡಿಗೆ ಕ್ಯಾನ್ಸರ್ ತಪಾಸಣೆಗೆ ಟೆಂಪೊ ಮಾಡಿಕೊಂಡು ಹೊರಟರು. ಬುಟ್ಟಿ ತುಂಬ ರೊಟ್ಟಿ, ಶೇಂಗಾ ಚಟ್ನಿ. ಅವರ ನಗು ಚಿಮ್ಮಡದ ತನಕ ಕೇಳಿರಬೇಕು. ನನಗೆ ಹೊಟ್ಟೆ ಉರಿಯಿತು.

"ನಮಗ್ಯಾಕ ಹಿಂಗ ಟೆಂಪೊ ಮಾಡಾಂಗಿಲ್ಲ?" ಹೆಂಡತಿಯನ್ನು ಕೇಳಿದೆ.

"ನಿಮಗ ಟೆಂಪೊ ಎದಕ್ಕರಿ? ನೀವು ಎತ್ತಿ ಒಯ್ದ್ರ ಅಷ್ಟ ದವಾಖಾನಿಗೆ ಬರಾವ್ರು. ಅಂಬುಲೆನ್ಸ್ ಬೇಕು!"

ಎಮ್ಮೆಯ ಭಾಗ್ಯ

ಬಾಡಗಂಡಿಯ ನಮ್ಮ ಬೀಗರು ಕಬ್ಬಿನ ಬದುವಿನಲ್ಲಿ ಉಚ್ಚೆಗೆ ನಿಂತರೆ ಮುಗಿಯುವುದೇ ಇಲ್ಲ. ಒಂದು ಮುಂಜಾನೆ ಅವರ ಎಮ್ಮೆಗೂ ಅದೇ ತ್ರಾಸು. ಮಧ್ಯಾಹ್ನದೊಳಗೆ ದನದ ಡಾಕ್ಟರು ಮನೆಗೇ ಬಂದರು.

"ನೀವೂ ತೋರಸ್ರಿ," ಅಂದೆ. "ಇದೆಲ್ಲ ಕ್ಯಾನ್ಸರೇ ಇರಬೇಕಂತಿಲ್ಲ ಖರೆ, ಆದ್ರ ನೋಡಿದ ಮ್ಯಾಲ ತಿಳಿಯೂದು."

"ವಯಸ್ಸಾತಲ್ರಿ, ಮಾಮೂಲಿ."

"ಎಮ್ಮಿಗೂ ವಯಸ್ಸಾಗೇತಲ್ಲ?"

"ಎಮ್ಮಿ ಹಾಲು ಕೊಡತೈತ್ರಿ!"

ಆ ಎಮ್ಮೆಯ ಮೇಲೆ ನನಗೆ ಇನ್ನೂ ಹೊಟ್ಟೆಕಿಚ್ಚು.

ಜೋಡಿ ಬಂದವರು

ಕೊನೆಗೆ ಬೀಗರನ್ನು ಎಳೆದುಕೊಂಡು ಜಮಖಂಡಿಗೆ ಹೋದೆ.

"ಪೇಷಂಟ್ ಯಾರ್ರಿ?" ನರ್ಸ್ ಕೇಳಿದಳು.

"ಇವರು. ನಾ ಸುಮ್ನ ಜೋಡಿ ಬಂದೀನಿ," ಅಂದರು ಬೀಗರು.

"ಇಬ್ಬರೂ ಪೇಷಂಟ್," ಅಂದೆ.

ಡಾಕ್ಟರು ಬಿಡಿಸಿ ಹೇಳಿದರು. ಶುರುವಿನಲ್ಲಿ ಈ ಕ್ಯಾನ್ಸರ್ ಏನೂ ತ್ರಾಸು ಕೊಡದೆ ಇರಬಹುದು. ಪಿಎಸ್‌ಎ ಎಂಬ ರಕ್ತಪರೀಕ್ಷೆ ಇದೆ. ಅಂಕಿ ಏರಿದ ಮಾತ್ರಕ್ಕೆ ಕ್ಯಾನ್ಸರ್ ಅಲ್ಲ. ಕೆಲವೊಮ್ಮೆ ಬೇಡದ ಪರೀಕ್ಷೆಗೂ ಎಳೆಯುತ್ತದೆ. ಲಾಭ-ನಷ್ಟ ತಿಳಿದು ಒಪ್ಪಿ ಎಂದರು. ಒಪ್ಪಿದೆವು.

ರಿಪೋರ್ಟ್ ಬಂತು. ಸದ್ಯಕ್ಕೆ ಇಬ್ಬರಿಗೂ ಚಿಂತೆಯಿಲ್ಲ. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಬೀಗರ ಮುಖ ಮಾತ್ರ ಇಳಿದುಹೋಯಿತು. ಅವರ ಅಂಕಿ ನನ್ನದಕ್ಕಿಂತ ಕಡಿಮೆ! ಸಕ್ಕರೆ ಫ್ಯಾಕ್ಟರಿಗೆ ಕಬ್ಬು ಹಾಕಿ, ಅಲ್ಲಿನ ತೂಕದ ಕಾಟಾದಲ್ಲಿ ಪ್ರತಿ ವರ್ಷ ನನಗಿಂತ ಹೆಚ್ಚು ಟನ್ ತೂಗಿಸುವ ಮನುಷ್ಯ ಮೇಜು ಗುದ್ದಿದರು:

"ಇವರಿಗಿಂತ ನಂದು ಕಡಿಮಿ? ಡಾಕ್ಟರ, ನಿಮ್ಮ ಕಾಟಾ ಸರಿ ಇಲ್ಲ. ಇನ್ನೊಮ್ಮೆ ತೂಗ್ರಿ!"

ನಕ್ಕಿರಾ? ಸಾಕು, ಏಳಿ. ಐವತ್ತು ಮುಟ್ಟಿದ್ದರೆ ಡಾಕ್ಟರ ಮುಂದೆ ಕೂತು ಕೇಳಿ. ಅಪ್ಪನಿಗೋ ಅಣ್ಣತಮ್ಮನಿಗೋ ಬಂದಿದ್ದರೆ ಇನ್ನೂ ಮೊದಲೇ. ಯಾರ ಜೋಡಿಯೂ ಬಂದಿಲ್ಲ, ಪೇಷಂಟ್ ನಾನೇ ಅನ್ನಿ.