ಪರದೆ ಹಂಚಿದ ಪ್ರಸಂಗ

ಬಟ್ಟೆಯ ಗುಣ ಬಲ್ಲವನು ಮೊದಲು ಅದನ್ನು ಬೆಳಕಿಗೆ ಹಿಡಿಯುತ್ತಾನೆ. ಆಮೇಲೆ ಎರಡು ಮೂಲೆ ಹಿಡಿದು ಜಗ್ಗುತ್ತಾನೆ. ಕೊನೆಗೆ ಮುಷ್ಟಿಯಲ್ಲಿ ಹಿಂಡಿ ಬಿಟ್ಟು, ಸುಕ್ಕು ನಿಲ್ಲುತ್ತದೆಯೇ ಎಂದು ನೋಡುತ್ತಾನೆ. ನನ್ನ ಹೆಂಡತಿಯನ್ನು ಈ ಮೂರು ಪರೀಕ್ಷೆಗೂ ಒಡ್ಡಿದವನು ನಾನಲ್ಲ, ಅವಳ ಶೈಕ್ಷಣಿಕ ಜಿಲ್ಲೆಯ ಕಚೇರಿ. ಫಲಿತಾಂಶ ಇಷ್ಟು: ನೇಯ್ಗೆ ಒತ್ತಾಗಿದೆ. ಜಗ್ಗಿದರೆ ಹಿಗ್ಗುವುದಿಲ್ಲ, ನೆನೆಸಿದರೆ ಕುಗ್ಗುವುದಿಲ್ಲ. ಮೇಲಿನವರು ಎಷ್ಟು ಒಗೆದರೂ ಬಣ್ಣ ಬಿಡುವುದಿಲ್ಲ. ಒಂದೇ ದೋಷವೆಂದರೆ ಮಡಿಸಿ ಮೂಲೆಯಲ್ಲಿಡಲು ಬರುವುದಿಲ್ಲ. ಮೂವತ್ತು ವರ್ಷದಿಂದ ಕಿಟಕಿ ಪರದೆ, ಹಾಸಿಗೆ ಹೊದಿಕೆ, ದಿಂಬಿನ ಕವರು ಮಾರಿಕೊಂಡು ಬಂದವನು ನಾನು. ಇಂಥ ಥಾನು ಅಂಗಡಿಗೆ ಬಂದರೆ ಮಾರದೆ ಮನೆಗೆ ಒಯ್ಯಬೇಕು. ಒಯ್ದಿದ್ದೇನೆ.

ಅವಳು ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ತರಗತಿಯ ಟೀಚರು. ಶಾಲೆಗಳೆಲ್ಲ ಬಾಗಿಲು ಹಾಕಿ ಪಾಠಗಳು ಫೋನಿನೊಳಗೆ ಹೊಕ್ಕ ವರ್ಷದ ಮಾತಿದು. ಕಚೇರಿಯವರು ಅದಕ್ಕೆ ದೂರ ಶಿಕ್ಷಣ ಎಂದು ಹೆಸರಿಟ್ಟರು. ಬರುತ್ತಿದ್ದ ತಕರಾರುಗಳನ್ನು ಕೇಳಿದರೆ ಅದು ದೂರು ಶಿಕ್ಷಣ. ಅದೇ ವರ್ಷ ಜಿಲ್ಲೆಯ ಅನುದಾನವೂ ಕಡಿತವಾಯಿತು. ನಾಯಿ ಕಡಿತಕ್ಕಾದರೆ ಚುಚ್ಚುಮದ್ದುಂಟು, ಇದಕ್ಕೆ ಅದೂ ಇಲ್ಲ. ಮೊದಲು ಚಿತ್ರಕಲೆಯ ಮೇಷ್ಟರು ಹೋದರು. ಆಮೇಲೆ ಗಂಟೆ ಬಾರಿಸುವವನು ಹೋದ. ಶಾಲೆಯೇ ಇಲ್ಲದ ಮೇಲೆ ಗಂಟೆಯೇಕೆ ಎಂಬುದು ತರ್ಕ. ಆ ತರ್ಕವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದಿದ್ದರೆ ಕಚೇರಿಯೇಕೆ ಎಂದೂ ಕೇಳಬಹುದಿತ್ತು. ಅಷ್ಟು ದೂರದ ಶಿಕ್ಷಣ ಅಲ್ಲಿ ಯಾರಿಗೂ ಆಗಿರಲಿಲ್ಲ.

ಕತ್ತರಿಸಲು ಉಳಿದದ್ದು ತರಗತಿಗಳು. ಒಬ್ಬ ಅಧಿಕಾರಿ ಒಂದೊಂದೇ ಆನ್‌ಲೈನ್ ಪಾಠಕ್ಕೆ ಬಂದು ಕೂರುವುದು, ಸರಿಯಿಲ್ಲ ಅನ್ನಿಸಿದ ತರಗತಿಯನ್ನು ಇನ್ನೊಂದಕ್ಕೆ ಸುರಿಯುವುದು, ಇದು ಯೋಜನೆ. ನನ್ನ ಹೆಂಡತಿಯ ಮೂವತ್ತೆರಡು ಮಕ್ಕಳನ್ನು ಪಕ್ಕದ ಶಾಲೆಯ ಎಂಬತ್ತು ಮಕ್ಕಳ ಜೊತೆ ಬೆರೆಸುತ್ತಾರೆಂದು ಸುದ್ದಿ ಹಬ್ಬಿತ್ತು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚುವುದಕ್ಕೆ ಕಚೇರಿಯ ಭಾಷೆಯಲ್ಲಿ ವಿಲೀನ ಎನ್ನುತ್ತಾರೆ.

"ಹಾಜರಿ ಕೂಗೋಷ್ಟರಲ್ಲಿ ಪಾಠದ ಹೊತ್ತು ಮುಗಿದಿರುತ್ತೆ" ಎಂದಳು ಅವಳು. "ಗಟ್ಟಿ ಮಕ್ಕಳು ಹೇಗೋ ಈಜ್ತಾರೆ. ಹಿಂದೆ ಬಿದ್ದೋರು ಕಳೆದೇ ಹೋಗ್ತಾರೆ ರೀ. ಒಬ್ಬೊಬ್ಬರನ್ನೂ ಬೇಡಿ ಕಾಡಿ ಫೋನ್ ಮುಂದೆ ಕೂರಿಸಿದ್ದೀನಿ."

ಆಗ ನನ್ನೊಳಗಿನ ಗಂಡಸು ಎದ್ದು ನಿಂತು ಮೀಸೆ ತಿರುವಿದ.

"ನೀನು ಪಾಠ ಮಾತ್ರ ಮಾಡು. ಮಿಕ್ಕ ಆಡಳಿತ ನನಗೆ ಬಿಡು. ಮೂವತ್ತು ವರ್ಷ ಅಂಗಡಿ ನಡೆಸಿದೋನಿಗೆ ಒಂದು ನಾಲ್ಕನೇ ಕ್ಲಾಸ್ ನಡೆಸೋಕೆ ಬರಲ್ವಾ?"

"ನಾಲ್ಕನೇ ಕ್ಲಾಸನ್ನ ನೀವು ಎರಡು ಸಲ ಓದಿದ್ರಂತೆ. ಅತ್ತೆ ಹೇಳಿದ್ರು."

"ಅದಕ್ಕೇ ಹೇಳ್ತಿರೋದು, ಅನುಭವ ಡಬಲ್ ಇದೆ."

ಆಡಳಿತ ಮಾರನೆಯ ಬೆಳಿಗ್ಗೆಯೇ ಕೈಗೆ ಬಂತು. ಅವಳು ಕೋಣೆಯಲ್ಲಿ ಭಾಗಾಕಾರ ಹೇಳಿಕೊಡುತ್ತಿದ್ದಾಗ ನನ್ನ ಫೋನು ಹೊಡೆದುಕೊಂಡಿತು. ಅತ್ತ ಕಡೆ ಅದೇ ಅಧಿಕಾರಿ. ಟೀಚರುಗಳ ನಡುವೆ ಅವರಿಗೆ ಕತ್ತರಿ ಸಾಹೇಬರು ಎಂದೇ ಹೆಸರು. ಅವರ ಇನ್ನೊಂದು ವಿಶೇಷವೆಂದರೆ ಬಾಯಿ ತೆರೆದರೆ ಅಚ್ಚಗನ್ನಡ. ಬಸ್ಸನ್ನೂ ಬಸ್ಸೆನ್ನುವ ಜಾತಿಯವರಲ್ಲ.

"ಶಿಕ್ಷಕಿಯವರ ಯಜಮಾನರಾ?"

"ಯಜಮಾನ ಅಂದ್ರೆ ಅವಳು ಒಪ್ಪಲ್ಲ ಸಾರ್. ಗಂಡ ಅಂತ ಬೇಕಾದ್ರೆ ಬರ್ಕೊಳ್ಳಿ."

"ನಾಡಿದ್ದು ಹತ್ತು ಗಂಟೆಗೆ ಅವರ ತರಗತಿಯ ವೀಕ್ಷಣೆ. ಕೊಂಡಿ ಒತ್ತಿ ಒಳಗೆ ಬರ್ತೀನಿ."

"ಒತ್ತಬೇಡಿ ಸಾರ್. ನಮ್ಮ ಬಾಗಿಲ ಕೊಂಡಿ ಸಡಿಲ ಇದೆ, ಕೈಗೇ ಬಂದ್ಬಿಡುತ್ತೆ. ನಾನೇ ತೆಗೀತೀನಿ."

ಅತ್ತ ಸಾಹೇಬರು ನನ್ನ ನಂಬರನ್ನು ಅಂಕಿ ಅಂಕಿಯಾಗಿ ಓದಿ ಖಚಿತಪಡಿಸಿಕೊಂಡರು. ಬುದ್ಧಿವಂತ ವ್ಯಾಪಾರಿಯಾಗಿದ್ದರೆ ಅಲ್ಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

"ಇನ್ನೊಂದು ವಿಷಯ" ಎಂದರು ಸಾಹೇಬರು. "ಶಿಕ್ಷಕರು ಎಲ್ಲ ಮಕ್ಕಳೊಂದಿಗೂ ಪರದೆ ಹಂಚಿಕೊಳ್ಳಲೇಬೇಕು. ಹಂಚಿಕೊಳ್ಳದ ತರಗತಿಗಳನ್ನ ವಿಲೀನಕ್ಕೆ ಬರೀತಿದ್ದೀನಿ."

"ಎಲ್ಲ ಮಕ್ಕಳಿಗೂನಾ ಸಾರ್?"

"ಒಬ್ಬರನ್ನೂ ಬಿಡೋ ಹಾಗಿಲ್ಲ."

ಫೋನಿಟ್ಟೆ. ಪಾಠ ಮಾಡುವಾಗ ಟೀಚರು ತನ್ನ ಲ್ಯಾಪ್‌ಟಾಪಿನಲ್ಲಿರುವುದನ್ನು ಮಕ್ಕಳ ಫೋನಿನಲ್ಲೂ ಕಾಣಿಸುವುದಕ್ಕೆ ಅಚ್ಚಗನ್ನಡದಲ್ಲಿ ಪರದೆ ಹಂಚಿಕೊಳ್ಳುವುದು ಎನ್ನುತ್ತಾರೆಂದು, ಕೊಂಡಿಯೆಂದರೆ ಲಿಂಕೆಂದು ಈಗ ನನಗೆ ಗೊತ್ತು. ಆಗ ಗೊತ್ತಿದ್ದ ಪರದೆ ಒಂದೇ. ಅದಕ್ಕೆ ಮೇಲೆ ರಿಂಗು, ಕೆಳಗೆ ಮಡಿಕೆ, ನಡುವೆ ನನ್ನ ಲಾಭ. ಅಲ್ಲದೆ ಸಾಹೇಬರ ಮಾತು ನನಗೆ ಬಹಳ ಸರಿಯೆನ್ನಿಸಿತು. ಮಕ್ಕಳ ಹಿಂದೆ ಕಾಣುವ ದೃಶ್ಯಗಳ ಬಗ್ಗೆ ನನ್ನ ಹೆಂಡತಿ ದಿನವೂ ಗೊಣಗುತ್ತಿದ್ದಳು. ಒಬ್ಬಳ ಹಿಂದೆ ಒಣಹಾಕಿದ ಒಳ ಉಡುಪು, ಇನ್ನೊಬ್ಬನ ಹಿಂದೆ ಅಂಗಿಯಿಲ್ಲದೆ ಹಲ್ಲುಜ್ಜುವ ಚಿಕ್ಕಪ್ಪ. ಹಿಂದೊಂದು ಪರದೆ ಬಿದ್ದರೆ ವಿದ್ಯೆಗೂ ಮಾನ, ಚಿಕ್ಕಪ್ಪನಿಗೂ ಮಾನ. ಕಚೇರಿಯಲ್ಲೂ ತಲೆ ಇರುವವರಿದ್ದಾರೆ ಎಂದುಕೊಂಡೆ.

ಅವಳು ಕೋಣೆಯಿಂದ ಹೊರಗೆ ಬಂದಳು. "ಯಾರದು ಫೋನು?"

"ನಿಮ್ಮ ಕತ್ತರಿ. ನಾಡಿದ್ದು ಹತ್ತಕ್ಕೆ ಪಾಠ ನೋಡೋಕೆ ಬರ್ತಾರಂತೆ."

"ಬೇರೆ ಏನಾದ್ರೂ ಹೇಳಿದ್ರಾ?"

"ಹೇಳಿದ್ರು. ಅದು ನನ್ನ ಇಲಾಖೆ, ನೀನು ತಲೆ ಕೆಡಿಸ್ಕೋಬೇಡ."

ಅವಳು ಒಂದು ಕ್ಷಣ ನನ್ನನ್ನು ನೋಡಿದಳು. ಉತ್ತರ ತಪ್ಪು ಎಂದು ಗೊತ್ತಿದ್ದರೂ ಮಗು ತಾನೇ ತಿದ್ದಿಕೊಳ್ಳಲಿ ಎಂದು ಬಿಡುವ ನೋಟ ಅದು. ಬಿಟ್ಟುಬಿಟ್ಟಳು.

ನನ್ನ ಗೋದಾಮಿನಲ್ಲಿ ಒಂದು ಮಾಲು ಕೊಳೆಯುತ್ತಿತ್ತು. ಕಂದು ಬಟ್ಟೆಯ ಮೇಲೆ ಹಳದಿ ಕಣ್ಣಿನ ದಪ್ಪ ದಪ್ಪ ಗೂಬೆಗಳು. ಮಕ್ಕಳ ಕೋಣೆಗೆ ಜನ ಮುಗಿಬೀಳುತ್ತಾರೆಂದು ನಾನೇ ಹಟ ಮಾಡಿ ತರಿಸಿದ್ದು. ಜನ ಬಿದ್ದದ್ದು ನಿಜ, ನಗುತ್ತಾ. ಆ ಗೂಬೆಗಳನ್ನು ನೋಡಿದೆ, ಅವೂ ನನ್ನನ್ನು ನೋಡಿದವು. ಸ್ವಾಮಿಕಾರ್ಯವೂ ಆಗುತ್ತದೆ, ಸ್ವಕಾರ್ಯವೂ ಆಗುತ್ತದೆ ಎಂದು ಮೂವತ್ತೆರಡು ತುಂಡು ಹರಿಸಿದೆ. ಮಕ್ಕಳ ಮನೆ ಹುಡುಕುವ ಕಷ್ಟವೂ ಇರಲಿಲ್ಲ. ನನ್ನ ಹೆಂಡತಿಗೆ ಆ ಮಕ್ಕಳ ಹೆಸರು ಗೊತ್ತು, ನನಗೆ ಅವರ ಕಿಟಕಿಗಳ ಅಳತೆ ಗೊತ್ತು.

ಮಾರನೆಯ ದಿನದ ಪಾಠ ಮುಗಿದ ಮೇಲೆ ಸುತ್ತಿಗೆ, ಮೊಳೆ, ಹಗ್ಗ ಹಿಡಿದು ಮನೆಮನೆಗೂ ನಾನೇ ಹೋದೆ. ಕ್ಷೌರದಂಗಡಿಯವನ ಮಗನೂ ಅದೇ ತರಗತಿ, ಅಪ್ಪನ ಅಂಗಡಿಯಲ್ಲೇ ಕೂತು ಪಾಠ ಕೇಳುವವನು. ಅಲ್ಲಿಗೂ ಪರದೆ ತಲುಪಿತು.

"ಇದ್ಯಾಕಣ್ಣ?" ಎಂದ ಕ್ಷೌರದವನು.

"ಕಚೇರಿ ಆದೇಶ. ನಾಳೆ ಇದರ ಮುಂದೆ ಕೂತ್ರೆ ಕ್ಲಾಸು ಉಳಿಯುತ್ತೆ. ಟೀಚರ್‌ಗೆ ಮಾತ್ರ ಈಗಲೇ ಹೇಳಬೇಡ, ನೋಡಿ ಖುಷಿಪಡಲಿ."

"ಕೂರ್ತಾನೆ ಬಿಡಿ. ಆದ್ರೆ ಗೂಬೆ ಯಾಕೆ?"

"ರಾತ್ರಿಯೆಲ್ಲ ಕಣ್ಣುಬಿಟ್ಕೊಂಡು ಇರೋ ಪ್ರಾಣಿ ಅದು. ಓದೋ ಮಕ್ಕಳಿಗೆ ಮೇಲ್ಪಂಕ್ತಿ."

"ನಮ್ಮೋನು ಹಗಲು ಕಣ್ಣು ಬಿಟ್ರೆ ಸಾಕಾಗಿದೆ" ಎಂದು ಅವನೇ ಮೊಳೆ ಹಿಡಿದುಕೊಟ್ಟ.

ವೀಕ್ಷಣೆಯ ದಿನ ಬಂತು. ನನ್ನ ಹೆಂಡತಿ ಇಸ್ತ್ರಿ ಪೆಟ್ಟಿಗೆಗೆ ಲ್ಯಾಪ್‌ಟಾಪ್ ಆನಿಸಿ, ಬೀರುವಿನ ಬಾಗಿಲಿಗೆ ಅಂಟಿಸಿದ ಕರಿಹಾಳೆಯ ಪಕ್ಕ ನಿಂತಳು. ನಾನು ಕೋಣೆಯ ಬಾಗಿಲ ಮರೆಯಲ್ಲಿ, ಮಾನಪತ್ರ ಸ್ವೀಕರಿಸುವ ಭಂಗಿಯಲ್ಲಿ ನಿಂತೆ. ಹತ್ತು ಹೊಡೆಯಿತು. ಚೌಕಗಳು ಒಂದೊಂದಾಗಿ ತೆರೆದುಕೊಂಡವು. ಒಂದು ಮಗು, ಹಿಂದೆ ಗೂಬೆ. ಇನ್ನೊಂದು ಮಗು, ಹಿಂದೆ ಗೂಬೆ. ಹೀಗೆ ಮೂವತ್ತೆರಡು ಚೌಕ ತುಂಬಿದಾಗ ಅದು ನಾಲ್ಕನೇ ತರಗತಿಯೋ ಗೂಬೆಗಳ ಮಹಾಸಭೆಯೋ ಹೇಳುವುದು ಕಷ್ಟವಾಗಿತ್ತು. ನನ್ನ ಹೆಂಡತಿಯ ಕೈಯಲ್ಲಿದ್ದ ಸೀಮೆಸುಣ್ಣ ಅಲ್ಲೇ ನಿಂತಿತು.

ಮೂವತ್ತಮೂರನೇ ಚೌಕದಲ್ಲಿ ಸಾಹೇಬರು ಕಾಣಿಸಿಕೊಂಡರು. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಗೂಬೆಗಳು ಕಡಿಮೆಯಾಗಲಿಲ್ಲ.

"ಏನ್ ಶಿಕ್ಷಕಿಯವರೇ, ಎಲ್ಲ ಮಕ್ಕಳ ತಲೆ ಮೇಲೂ ಗೂಬೆ ಕೂರಿಸಿದ್ದೀರಿ?"

"ಸಾರ್, ನನಗೂ ಈಗಲೇ..."

"ಎಲ್ಲ ಕಡೆ ಅದೇ ಗೋಡೆ, ಅದೇ ಬಟ್ಟೆ. ಇದು ಒಂದೇ ಮನೆ. ಹಾಜರಿ ತೋರಿಸೋಕೆ ಎಲ್ಲರನ್ನೂ ಒಂದೇ ಮನೇಲಿ ತುಂಬಿದ್ದೀರಿ. ಮಕ್ಕಳನ್ನ ಗುಂಪು ಸೇರಿಸಬಾರದು ಅನ್ನೋ ನಿಯಮ ಗೊತ್ತಿಲ್ವಾ? ಒಂದೇ ಮನೇಲಿ ಹಿಡಿಸೋ ಮಕ್ಕಳು ಇನ್ನೊಂದು ತರಗತೀಲೂ ಹಿಡಿಸ್ತಾರೆ. ವಿಲೀನ ಅಂತ ಬರ್ಕೋತೀನಿ. ಅದೂ ಅಲ್ಲದೆ ನೀವು ಪರದೆ ಹಂಚಿಕೊಂಡೇ ಇಲ್ಲ. ನಿಮ್ಮ ಯಜಮಾನರಿಗೆ ಎರಡು ಸಲ ಹೇಳಿದ್ದೆ."

ಆಗ ಕ್ಷೌರದವನ ಮಗ ಕೈಯೆತ್ತಿದ. ಟೀಚರು ಕೇಳುವ ಮೊದಲೇ ಉತ್ತರ ಹೇಳುವ ಹುಡುಗ.

"ಹಂಚಿದ್ರು ಸಾರ್. ಅಂಕಲ್ಲೇ ಬಂದು ಎಲ್ಲರಿಗೂ ಒಂದೊಂದು ಪರದೆ ಕೊಟ್ಟು ಮೊಳೆ ಹೊಡೆದು ಹೋದ್ರು. ನೀವೇ ಹೇಳಿದ್ರಂತಲ್ಲ."

ನನ್ನ ಹೆಂಡತಿ ಬಾಗಿಲ ಕಡೆ ತಿರುಗದೆಯೇ "ರೀ" ಎಂದಳು. ಆ ಒಂದಕ್ಷರದಲ್ಲಿ ಪ್ರಶ್ನಾರ್ಥಕವೂ ಇತ್ತು, ಆಜ್ಞಾರ್ಥಕವೂ ಇತ್ತು, ಶಾಪವೂ ಇತ್ತು. ನಾನು ಹೋಗಿ ಲ್ಯಾಪ್‌ಟಾಪಿನ ಮುಂದೆ ನಿಂತೆ, ಕೈ ಕಟ್ಟಿಕೊಂಡೆ. ನಾಲ್ಕನೇ ತರಗತಿಯಲ್ಲಿ ಮೂರನೆಯ ವರ್ಷ ಶುರುವಾದಂತಿತ್ತು.

"ಪರದೆ ಹಂಚಬೇಕು ಅಂದ್ರಲ್ಲ ಸಾರ್. ನಮ್ಮಲ್ಲಿ ಇದ್ದಿದ್ದು ಗೂಬೆಯದು."

"ಕೊಂಡಿ ಸಡಿಲ ಅಂದಿದ್ದು ನೀವೇ ಅಲ್ವಾ? ಎಲ್ಲಿಯದು ಅಂತ ಈಗ ತಿಳೀತು" ಎಂದರು ಸಾಹೇಬರು. ಮಕ್ಕಳು ಕಿಸಕ್ಕೆಂದರು. "ಏನೇ ಕಥೆ ಹೇಳಿ, ಇವರೆಲ್ಲ ಬೇರೆ ಬೇರೆ ಮನೇಲಿ ಇದ್ದಾರೆ ಅಂತ ನಾನು ಹೇಗೆ ನಂಬಲಿ?"

ನಾನು ಬಾಯಿ ತೆರೆದೆ. ಹೆಂಡತಿ ಮೊಣಕೈಯಿಂದ ನನ್ನನ್ನು ಚೌಕದಾಚೆ ದೂಡಿದಳು.

"ನಂಬಬೇಡಿ ಸಾರ್, ನೋಡಿ. ಮಕ್ಕಳೇ, ಎಲ್ಲರೂ ಹಿಂದಿನ ಬಟ್ಟೆ ಸರಿಸಿ. ಮನೇಲಿ ಏನಿದೆಯೋ ಹಾಗೇ ಕಾಣಲಿ, ಯಾರೂ ನಾಚ್ಕೋಬೇಡಿ."

ಗೂಬೆಗಳು ಹಾರಿದವು. ಒಂದು ಚೌಕದಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ಅಪ್ಪ ಸಮವಸ್ತ್ರದಲ್ಲೇ ಗೊರಕೆ ಹೊಡೆಯುತ್ತಿದ್ದ. ಇನ್ನೊಂದರಲ್ಲಿ ಅಮ್ಮನ ಹೊಲಿಗೆ ಯಂತ್ರ, ಅದರ ಕೆಳಗೆ ಬಟ್ಟೆ ಚೂರುಗಳ ಮೇಲೆ ಕೂತ ತಂಗಿ. ಒಬ್ಬಳು ಬಚ್ಚಲ ಬಾಗಿಲಲ್ಲಿ ಕೂತಿದ್ದಳು, ಆ ಮನೆಯಲ್ಲಿ ಸಿಗ್ನಲ್ ಬರುವ ಜಾಗ ಅದೊಂದೇ. ಅಣ್ಣ ತಮ್ಮ ಇಬ್ಬರು ಒಂದೇ ಇಯರ್‌ಫೋನಿನ ಎರಡು ತುದಿ ಕಿವಿಗೆ ಸಿಕ್ಕಿಸಿಕೊಂಡು ಒಂದೇ ಫೋನಿಗೆ ತಲೆ ತಲೆ ತಾಗಿಸಿದ್ದರು. ತಮ್ಮನ ಪಾಠ ಮುಗಿಯುವವರೆಗೆ ಅಣ್ಣನೂ ನಾಲ್ಕನೇ ತರಗತಿ. ಕ್ಷೌರದವನ ಮಗನ ಹಿಂದೆ ಮುಖದ ತುಂಬ ನೊರೆ ಹಚ್ಚಿಸಿಕೊಂಡ ಗಿರಾಕಿಯೊಬ್ಬ, ಪಕ್ಕದಲ್ಲಿ ಕತ್ತಿ ಹಿಡಿದ ಅಪ್ಪ.

"ನಿಮ್ಮಪ್ಪ ಯಾಕೆ ಸುಮ್ಮನೆ ನಿಂತಿದ್ದಾರೆ?" ಎಂದು ಕೇಳಿದರು ಸಾಹೇಬರು.

"ಫೋನು ಆ ಅಂಕಲ್‌ದು ಸಾರ್. ಶೇವಿಂಗ್ ಮುಗಿದ್ರೆ ತಗೊಂಡು ಹೋಗ್ತಾರೆ. ಅದಕ್ಕೆ ಅಪ್ಪ ನಿಧಾನಕ್ಕೆ ಮಾಡ್ತಾರೆ."

ನೊರೆಯ ಗಿರಾಕಿ ಕಣ್ಣುಬಿಟ್ಟು, "ಪರವಾಗಿಲ್ಲ, ಭಾಗಾಕಾರ ಮುಗೀಲಿ" ಎಂದ.

ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು. ನನ್ನ ಹೆಂಡತಿ ಅದೇ ಜಾಗದಿಂದ ಪಾಠ ಎತ್ತಿಕೊಂಡಳು. ಇಪ್ಪತ್ತನಾಲ್ಕು ಮೀಟರಿನ ಬಟ್ಟೆ ಇದೆ, ಒಂದು ಕಿಟಕಿಗೆ ಎರಡು ಮೀಟರು ಬೇಕು, ಎಷ್ಟು ಕಿಟಕಿ ಮುಚ್ಚಬಹುದು ಎಂದು ಕೇಳಿದಳು. ಬಚ್ಚಲ ಬಾಗಿಲಿನ ಹುಡುಗಿ ಎಲ್ಲರಿಗಿಂತ ಮೊದಲು ಹನ್ನೆರಡು ಎಂದಳು. ಹಿಂದೆ ಬಿದ್ದವರಲ್ಲಿ ಅವಳೂ ಒಬ್ಬಳಂತೆ. ಆಮೇಲೆ ನನ್ನ ಹೆಂಡತಿ ಲ್ಯಾಪ್‌ಟಾಪಿನಲ್ಲಿ ಒಂದು ಗುಂಡಿ ಒತ್ತಿ ಲೆಕ್ಕದ ಚಿತ್ರವನ್ನು ಎಲ್ಲರ ಫೋನಿಗೂ ಕಳಿಸಿದಳು. "ಇದು ಪರದೆ ಹಂಚೋದು" ಎಂದು ನನ್ನ ಕಡೆ ನೋಡದೆಯೇ ಹೇಳಿದಳು. ಎರಡೇ ಕ್ಷಣ ಹಿಡಿಯುವ, ಒಂದು ಮೊಳೆಯೂ ಬೇಡದ ಕೆಲಸ.

ಮಕ್ಕಳೆಲ್ಲ ಹೋದ ಮೇಲೆ ಸಾಹೇಬರ ಚೌಕವೊಂದೇ ಉಳಿಯಿತು.

"ತರಗತಿ ಇರಲಿ ಶಿಕ್ಷಕಿಯವರೇ. ವಿಲೀನಕ್ಕೆ ಬರೆಯಲ್ಲ."

"ತುಂಬ ಉಪಕಾರ ಆಯ್ತು ಸಾರ್. ಈಗ ನೀವೇ ನೋಡಿದ್ರಲ್ಲ, ಬೇರೆಯವರ ಫೋನು ಬೇಡಿಕೊಂಡು ಕೂರೋ ಮಕ್ಕಳು ಆರು ಜನ. ಅವರಿಗೆ ಮಂಜೂರಾದ ಟ್ಯಾಬು ಈ ತಿಂಗಳಾದ್ರೂ ಬಂದ್ರೆ..."

ಸಾಹೇಬರು ಕೆಮ್ಮಿದರು. "ನಮ್ಮಲ್ಲಿ ಟ್ಯಾಬು ಅನ್ನಲ್ಲ ಶಿಕ್ಷಕಿಯವರೇ, ಕಲಿಕಾ ಪರದೆ ಅಂತೀವಿ. ಇವತ್ತು ಏನಾದ್ರೂ ಕತ್ತರಿಸದೆ ನಾನು ಮೇಲಿನವರ ಮುಂದೆ ನಿಲ್ಲೋ ಹಾಗಿಲ್ಲ. ನಿಮ್ಮ ತರಗತೀಲಿ ದಾನಿಯೊಬ್ಬರು ಪ್ರತಿ ಮಗುವಿಗೂ ಪರದೆ ಕೊಟ್ಟಿದ್ದಾರೆ. ಮಕ್ಕಳೇ ಸಾಕ್ಷಿ ಹೇಳಿದ್ದಾರೆ. ಆದ್ದರಿಂದ ಆ ಆರು ಪರದೆ ಇನ್ನು ಅಗತ್ಯವಿಲ್ಲ."

"ಸಾರ್, ಅದು ಬಟ್ಟೆ."

"ಯಾವ ಪರದೆ ಅಂತ ಮೇಲೆ ಯಾರೂ ಕೇಳಲ್ಲ ಶಿಕ್ಷಕಿಯವರೇ. ತರಗತಿ ಬೇಕೋ, ಟ್ಯಾಬು ಬೇಕೋ?"

ಬಾಯಿತಪ್ಪಿ ಅವರೇ ಟ್ಯಾಬು ಎಂದುಬಿಟ್ಟಿದ್ದರು. ಮೂವತ್ತು ವರ್ಷ ಗಲ್ಲಾಪೆಟ್ಟಿಗೆಯ ಮುಂದೆ ಕೂತ ನಾನು ಇಷ್ಟು ಚೊಕ್ಕವಾದ ವ್ಯಾಪಾರ ನೋಡಿರಲಿಲ್ಲ. ನನ್ನದೇ ಮಾಲು, ನನ್ನದೇ ಸಾಗಾಟ, ನನ್ನದೇ ಮೊಳೆ, ಲಾಭ ಮಾತ್ರ ಕಚೇರಿಗೆ. ನನ್ನ ಹೆಂಡತಿ ತರಗತಿಯನ್ನು ಆರಿಸಿಕೊಂಡಳು. ಬೇರೆ ಏನು ಮಾಡಿಯಾಳು?

ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ನಾನು ಮೆಲ್ಲಗೆ, "ಹೇಗೂ ಕ್ಲಾಸು ಉಳೀತಲ್ಲ" ಎಂದೆ.

"ಉಳೀತು" ಎಂದಳು. "ಆ ಆರು ಟ್ಯಾಬು ಮಂಜೂರಾಗೋಕೆ ನಾನು ಎಷ್ಟು ಸಲ ಆ ಕಚೇರಿ ಮೆಟ್ಟಿಲು ಹತ್ತಿದ್ದೀನಿ ಗೊತ್ತಾ? ಈಗ ಗಿರಾಕಿ ಗಡ್ಡ ಬೆಳೆದಾಗ ಮಾತ್ರ ಆ ಹುಡುಗನಿಗೆ ಪಾಠ." ಬೈಯಲಿಲ್ಲ. ಬೈದಿದ್ದರೆ ಅಷ್ಟಕ್ಕೇ ಚುಕ್ತಾ ಆಗುತ್ತಿತ್ತೇನೋ.

ಅಂಗಡಿಯಲ್ಲಿ ಬಿಲ್ಲು ಹಾಕಲು ಇಟ್ಟಿದ್ದ ಟ್ಯಾಬನ್ನು ಅದೇ ಸಂಜೆ ಕ್ಷೌರದವನ ಮಗನಿಗೆ ಕೊಟ್ಟು ಬಂದೆ. ಈಗ ನಾನು ಬಿಲ್ಲುಗಳನ್ನು ಕೈಯಲ್ಲೇ ಬರೆಯುತ್ತೇನೆ, ಭಾಗಾಕಾರ ಬಂದಾಗ ಮನೆಗೆ ಫೋನು ಮಾಡುತ್ತೇನೆ. ನನ್ನ ಹೆಂಡತಿಗೆ ನಾನು ಇನ್ನೂ ಐದು ಪರದೆ ಕೊಡಬೇಕು. ಬಟ್ಟೆಯವಲ್ಲ.